ಜರೀನಾ ಅವರ ಕೃತಿಗಳಲ್ಲಿ ಕಾಗದ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾಗದವನ್ನು ಕಾಪಾಡುವುದು ಕೊಡಗಿನ ಮನೆಗಳಲ್ಲಿ ಒಂದು ಕೆಲಸವೇ ಸರಿ. ಕಂದಾಯದ ರಸೀದಿಗಳೂ ಹಳೆಯ ಪತ್ರಗಳೂ ತೇವ ಹೀರಿ ಉಬ್ಬುತ್ತವೆ, ಅಂಚಿನಲ್ಲಿ ಬೂಷ್ಟು ಹಿಡಿಯುತ್ತದೆ, ಬಿಸಿಲು ಬಂದ ಮೇಲೆ ಒಣಗಿಸಿದರೂ ಕಂದು ಚುಕ್ಕೆಗಳು ಉಳಿದೇ ಉಳಿಯುತ್ತವೆ. ಮುದ್ರಣ ಕಲಾವಿದೆ ಜರೀನಾ ಹಾಶ್ಮಿ ಅವರ ಕೃತಿಗಳು ನನ್ನನ್ನು ಇಷ್ಟು ಗಾಢವಾಗಿ ತಟ್ಟಲು ಇದೂ ಕಾರಣವಿರಬಹುದು. ಕಾಗದವನ್ನು ಅವರು ಚಿತ್ರ ಬಿಡಿಸುವ ಖಾಲಿ ಜಾಗವೆಂದು ಎಣಿಸದೆ, ಗಾಯಗೊಳ್ಳುವ ಮತ್ತು ಮುಪ್ಪಾಗುವ ಚರ್ಮದಂತೆ ಕಂಡರು.

1937ರಲ್ಲಿ ಅಲಿಗಢದಲ್ಲಿ ಹುಟ್ಟಿ, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಿತ ಓದಿ, ಪ್ಯಾರಿಸ್ಸಿನಲ್ಲಿಯೂ ಟೋಕಿಯೊದಲ್ಲಿಯೂ ಮುದ್ರಣಕಲೆಯನ್ನು ಕಲಿತು, ಬಹುಕಾಲ ನ್ಯೂಯಾರ್ಕಿನಲ್ಲಿ ನೆಲೆಸಿದ್ದ ಅವರು 2020ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಕಲಾಲೋಕದಲ್ಲಿ ಅವರು ಬರೀ ಜರೀನಾ.

ಅವರ 1977ರ ಸೂಜಿಯ ರೇಖಾಚಿತ್ರಗಳಲ್ಲಿ ಶಾಯಿಯಾಗಲಿ ಪೆನ್ಸಿಲ್ ಗೆರೆಯಾಗಲಿ ಇಲ್ಲ. ಹಾಳೆಯನ್ನು ಸೂಜಿಯಿಂದ ಮತ್ತೆ ಮತ್ತೆ ಚುಚ್ಚಿದ್ದೇ ಚಿತ್ರ. ದಪ್ಪ ಹಾಳೆಯೊಂದನ್ನು ತೆಗೆದುಕೊಂಡು ಯಾರಾದರೂ ಇದನ್ನು ಪರೀಕ್ಷಿಸಬಹುದು: ಸೂಜಿ ಒಳಹೊಕ್ಕ ಕಡೆ ರಂಧ್ರ ನುಣುಪಾಗಿ ತಗ್ಗಿರುತ್ತದೆ, ಹೊರಬಂದ ಕಡೆ ನಾರುಗಳು ಹರಿದು ಸಣ್ಣ ದಿಬ್ಬವಾಗಿ ಮೇಲೇಳುತ್ತವೆ. ಪಕ್ಕದಿಂದ ಬೆಳಕು ಬಿದ್ದಾಗ ಪ್ರತಿ ದಿಬ್ಬಕ್ಕೂ ಕೂದಲೆಳೆಯಷ್ಟು ನೆರಳು ಮೂಡುತ್ತದೆ. ನೇರ ಬೆಳಕಿನಲ್ಲಿ ಅದೇ ಹಾಳೆ ಹೆಚ್ಚುಕಡಿಮೆ ಬಿಳಿಯಾಗಿಯೇ ಕಾಣುತ್ತದೆ. ಪುಸ್ತಕದ ಛಾಯಾಚಿತ್ರಗಳಲ್ಲಿ ಇವು ಸಪ್ಪೆಯಾಗಿ ಕಾಣುವುದು ಇದರಿಂದಲೇ. ಮುಂದೆ ಅವರು ಕಾಗದದ ತಿರುಳನ್ನೇ ಅಚ್ಚಿಗೆ ಹುಯ್ದು, ಬಣ್ಣ ಬೆರೆಸಿ, ಉಬ್ಬುಶಿಲ್ಪದಂಥ ಕೃತಿಗಳನ್ನೂ ಮಾಡಿದರು.

2001ರ ‘ಡಿವೈಡಿಂಗ್ ಲೈನ್’ ಹೆಚ್ಚು ಪ್ರಸಿದ್ಧವಾದದ್ದು. ಭಾರತ ಮತ್ತು ಪಾಕಿಸ್ತಾನಗಳನ್ನು ಬೇರ್ಪಡಿಸಿದ ಗಡಿರೇಖೆ ಅಂಕುಡೊಂಕಾಗಿ ಹಾಳೆಯ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಇದು ಮರದಚ್ಚಿನ ಮುದ್ರಣ. ಅದರಲ್ಲಿ ಕೆತ್ತಿ ತೆಗೆದ ಭಾಗಕ್ಕೆ ಶಾಯಿ ತಾಗುವುದಿಲ್ಲ, ಉಳಿದ ಭಾಗವೇ ಕಪ್ಪಾಗಿ ಮೂಡುತ್ತದೆ. ಆದ್ದರಿಂದ ಒಂದು ಗೆರೆ ಉಳಿಯಬೇಕಾದರೆ ಅದರ ಎರಡೂ ಬದಿಯ ಮರವನ್ನು ಕೆತ್ತಿ ತೆಗೆಯಬೇಕು. ನಮ್ಮ ಕೊಡಗಿನ ಕಡಂಗಗಳನ್ನು ನೋಡಿದವರಿಗೆ ಈ ಕೆಲಸದ ರೀತಿ ವಿಶೇಷವಾಗಿ ಕಾಣುತ್ತದೆ. ನಾಡು ಕಾಯಲು ಹಿಂದಿನವರು ತೋಡಿದ ಆ ಕಂದಕಗಳಲ್ಲಿ ಮಣ್ಣನ್ನು ತೆಗೆದ ಜಾಗವೇ ಗೆರೆ. ಜರೀನಾ ಅವರ ಗೆರೆಯಾದರೋ ಸುತ್ತಲಿನದೆಲ್ಲ ಹೋದ ಮೇಲೆ ಉಳಿದದ್ದು. ವಿಭಜನೆಯ ಬಗ್ಗೆ ಏನು ಹೇಳಬೇಕಿತ್ತೋ ಅದನ್ನು ಅವರು ಉಳಿಯ ಕೆಲಸದಲ್ಲಿಯೇ ಹೇಳಿದ್ದಾರೆಂದು ನಾನು ನಂಬುತ್ತೇನೆ.

ಆದರೂ ನನಗೆ ಅದಕ್ಕಿಂತ ಹತ್ತಿರವಾದದ್ದು 2004ರ ‘ಲೆಟರ್ಸ್ ಫ್ರಮ್ ಹೋಮ್’ ಎಂಬ ಎಂಟು ಮುದ್ರಣಗಳ ಸರಣಿ. ಅವರ ಅಕ್ಕ ರಾಣಿ, ತಂದೆತಾಯಿಯರ ಸಾವು, ಮನೆ ಮಾರಿದ್ದು ಮೊದಲಾದ ಸಂಗತಿಗಳನ್ನು ತಂಗಿಗೆಂದು ಉರ್ದುವಿನಲ್ಲಿ ಬರೆದರೂ ಆ ಪತ್ರಗಳನ್ನು ಅಂಚೆಗೆ ಹಾಕಿರಲಿಲ್ಲ; ಅವು ತಂಗಿಯ ಕೈಸೇರಿದ್ದು ಬಹಳ ತಡವಾಗಿ. ಜರೀನಾ ಆ ಕೈಬರಹವನ್ನು ಮುದ್ರಿಸಿ, ಅದರ ಮೇಲೆ ಮನೆಯ ನಕ್ಷೆಯನ್ನೂ ಊರಿನ ನಕ್ಷೆಯನ್ನೂ ಅಚ್ಚೊತ್ತಿದರು. ಕಪ್ಪು ಗೆರೆಗಳು ಕೆಲವೆಡೆ ಸಾಲುಗಳನ್ನು ಮುಚ್ಚಿಬಿಡುತ್ತವೆ. ಉರ್ದು ಓದಲು ಬಾರದ ನನಗೂ ಅವಸರದಲ್ಲಿ ಬಾಗಿದ ಅಕ್ಷರಗಳು ಒಬ್ಬರ ಕೈಯನ್ನು ತೋರಿಸುತ್ತವೆ.

ಅವರ ಎಲ್ಲ ಕೃತಿಗಳನ್ನೂ 1947ಕ್ಕೆ ಕಟ್ಟಿಹಾಕುವ ವಿಮರ್ಶೆಯನ್ನು ನಾನು ಒಪ್ಪುವುದಿಲ್ಲ. ಅವರ ಕುಟುಂಬ ಪಾಕಿಸ್ತಾನಕ್ಕೆ ಹೋದದ್ದು 1950ರ ದಶಕದ ಕೊನೆಯಲ್ಲಿ. ಅಷ್ಟರಲ್ಲಿ ಅವರಿಗೆ ಮದುವೆಯಾಗಿತ್ತು, ಪತಿಯ ರಾಜತಾಂತ್ರಿಕ ಕೆಲಸ ಅವರನ್ನು ಊರೂರಿಗೆ ಕರೆದೊಯ್ಯತೊಡಗಿತ್ತು. ಅಕ್ಕನ ಪತ್ರಗಳಲ್ಲಿರುವ ದುಃಖ ಇತಿಹಾಸದ ಒಂದೇ ಏಟಿನದಲ್ಲ, ದೂರದಲ್ಲಿದ್ದು ತಂದೆತಾಯಿಯರನ್ನು ಕಳೆದುಕೊಂಡ ಮಗಳದ್ದೂ ಹೌದು.