ರುಜು ಹಾಕಲು ಬಂದರೆ ಸಾಕಾ?

ನಮ್ಮ ಮಂಡ್ಯದ ಕಡೆ ಹೆಬ್ಬೆಟ್ಟು ಬಿಟ್ಟು ರುಜು ಹಾಕೋದು ಕಲಿತವರ ಬಗ್ಗೆ ಹೆಮ್ಮೆಯಿಂದ ಹೇಳುತ್ತಾರೆ. ಹೆಮ್ಮೆ ಪಡಬೇಕಾದ್ದೇ. ಆದರೆ ತನ್ನ ಹೆಸರನ್ನು ರಂಗೋಲಿ ಹಾಕಿದ ಹಾಗೆ ತಿದ್ದಿ ತಿದ್ದಿ ಬರೆಯೋದೇ ಬೇರೆ, ಆ ಹೆಸರಿನ ಮೇಲುಗಡೆ ಏನು ಅಚ್ಚಾಗಿದೆ ಅಂತ ಓದೋದೇ ಬೇರೆ. ಜನಗಣತಿಯಲ್ಲೂ ಬರೀ ರುಜು ಲೆಕ್ಕಕ್ಕಿಲ್ಲ. ಏಳು ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆದರೆ ಮಾತ್ರ ಸಾಕ್ಷರರು. 2011ರಲ್ಲಿ ಕರ್ನಾಟಕದ ಸಾಕ್ಷರತೆ ಶೇ. 75.36. ಹೆಂಗಸರದ್ದು ಮಾತ್ರ ತೆಗೆದುಕೊಂಡರೆ ಶೇ. 68.08.

ನಮ್ಮ ದೊಡ್ಡಮ್ಮ ಮದ್ದೂರಿನ ಹತ್ತಿರದ ಹಳ್ಳಿಯವರು. ಸಂಘಕ್ಕೆ ಸೇರಿದ ಮೇಲೆ ರುಜು ಕಲಿತರು. ವಾರಕ್ಕೊಮ್ಮೆ ನಾವು ಕೆಲವರು ಅಲ್ಲಿ ಸಂಜೆ ಪಾಠ ನಡೆಸುತ್ತೇವೆ, ಅವರೂ ಬಂದು ಕೂರುತ್ತಾರೆ. ಕಾಗುಣಿತ ಬೇಗ ಹಿಡಿದರು, ಒತ್ತಕ್ಷರ ಮಾತ್ರ ಸತಾಯಿಸಿತು. ಒಂದು ದಿನ ಸಾಲದ ಫಾರಂ ತಂದಿದ್ದರು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದರು. ಜಾ, ಮೀ, ನು, ದಾ, ರ, ರ. ಆಮೇಲೆ ‘ಸಹಿ’. ಅದರ ಕೆಳಗೆ ಅವರದ್ದೇ ರುಜು! ಸಾಲ ಬೇರೆಯವರದ್ದು, ತೀರಿಸದಿದ್ದರೆ ಇವರ ತಲೆಗೆ. “ಸಾಕ್ಷಿಗೆ ಅಂದಿದ್ರು ಕಣೋ. ಹಿಂಗೆ ಇನ್ನೂ ಯಾರ್ ಯಾರ್ ಸಾಲಕ್ಕೆ ರುಜು ಹಾಕಿವ್ನೋ!” ಅಂದರು. ಅವತ್ತು ರಾತ್ರಿ ನಿದ್ದೆ ಬರಲಿಲ್ಲವಂತೆ.

ಓದು ಬಂದರೆ ಬಿಡುಗಡೆ ಅಂತ ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಆದರೆ ಆ ಬಿಡುಗಡೆ ಮೊದಲು ಸಿಟ್ಟಾಗಿ, ಸಂಕಟವಾಗಿ ಬರುತ್ತದೆ.

ಅಮೆರಿಕದಲ್ಲಿ ಗುಲಾಮನಾಗಿ ಹುಟ್ಟಿದ ಫ್ರೆಡರಿಕ್ ಡಗ್ಲಸ್ ಇದನ್ನೇ ಅನುಭವಿಸಿದ್ದ. ಬಾಲ್ಟಿಮೋರ್‌ನಲ್ಲಿ ಮನೆಯೊಡತಿ ಅವನಿಗೆ ಅಕ್ಷರ ಹೇಳಿಕೊಡಲು ಶುರು ಮಾಡಿದಾಗ ಅವಳ ಗಂಡ ತಡೆದ. ಓದು ಬಂದವನು ಗುಲಾಮನಾಗಿ ಉಳಿಯೋದಿಲ್ಲ ಅನ್ನೋದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹುಡುಗ ಸುಮ್ಮನಾಗಲಿಲ್ಲ. ಬೀದಿಯ ಬಡ ಬಿಳಿ ಹುಡುಗರಿಗೆ ಬ್ರೆಡ್ ಕೊಟ್ಟು ಅವರಿಂದ ಓದು ಕಲಿತ. 1838ರಲ್ಲಿ ತಪ್ಪಿಸಿಕೊಂಡು ಹೋದ, 1845ರಲ್ಲಿ ತನ್ನ ಕತೆ ಬರೆದು ಅಚ್ಚು ಹಾಕಿಸಿದ. ಓದು ವರವಲ್ಲ, ಶಾಪ ಅಂತ ಕೆಲವು ಸಲ ಅನ್ನಿಸಿತ್ತು ಅಂತಲೂ ಅದರಲ್ಲಿ ಹೇಳಿದ್ದಾನೆ, ಯಾಕೆಂದರೆ ತಾನಿರುವ ನರಕ ಕಣ್ಣಿಗೆ ಕಂಡಿತು, ಅದರಿಂದ ಹತ್ತಿ ಬರುವ ದಾರಿ ಮಾತ್ರ ಕಾಣಲಿಲ್ಲ. ಅವನ ಕಷ್ಟವನ್ನೂ ನಮ್ಮ ದೊಡ್ಡಮ್ಮನ ಕಷ್ಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿಲ್ಲ. ಆದರೆ ಆ ಮಾತು ಓದಿದಾಗ ನನಗೆ ನೆನಪಾಗಿದ್ದು ದೊಡ್ಡಮ್ಮನ ನಿದ್ದೆಗೆಟ್ಟ ರಾತ್ರಿ.

ಮಾರನೇ ವಾರ ಅವರು ಫಾರಮ್ಮಿನ ನಕಲು ಕೇಳಲು ಹೋದರು. “ನಿಮಗ್ಯಾಕಮ್ಮ ಅದು” ಅಂತ ಕಳಿಸಿದರು. ಮತ್ತೆ ಹೋಗಿ, ಕೊಡೋವರೆಗೂ ಏಳಲ್ಲ ಅಂತ ಬೆಂಚಿನ ಮೇಲೆ ಕೂತು, ತಗೊಂಡೇ ಬಂದರು. ಯಾರ ಎದುರಿಗೂ ತಲೆ ಎತ್ತಿ ಮಾತಾಡದಿದ್ದ ಹೆಂಗಸು ಅವರು. ಈಗ ಓದದೆ ಎಲ್ಲೂ ರುಜು ಹಾಕೋದಿಲ್ಲ. ಹಿಂದೆ ನಿಂತವರು ಗೊಣಗಿದರೆ ಗೊಣಗಲಿ.

“ಈ ವಯಸ್ಸಲ್ಲಿ ಇದೆಲ್ಲ ಯಾಕೆ” ಅಂತ ಕೇಳುವವರು ಇವತ್ತಿಗೂ ಇದ್ದಾರೆ. ಹಾಗೆ ಕೇಳುವವರಲ್ಲಿ ಜಾಸ್ತಿ ಜನ ಆ ಮನೆಯ ಕಾಗದ ಪತ್ರ ತಮ್ಮ ಕೈಯಲ್ಲೇ ಇಟ್ಟುಕೊಂಡವರು, ಗಮನಿಸಿ ನೋಡಿ.

ಪಾಠಕ್ಕೆ ಈಗ ಅವರವರ ಮನೆಯ ಕಾಗದವನ್ನೇ ತರಲು ಹೇಳಿದ್ದೇವೆ. ಕರೆಂಟ್ ಬಿಲ್, ಪಾಸ್‌ಬುಕ್, ಆಸ್ಪತ್ರೆ ಚೀಟಿ ಆಯಿತು. ಮುಂದಿನ ವಾರ ಪಹಣಿ. 9ನೇ ಕಾಲಂನಲ್ಲಿ ಜಮೀನು ಯಾರ ಹೆಸರಲ್ಲಿದೆ, 11ನೇ ಕಾಲಂನಲ್ಲಿ ಅದರ ಮೇಲೆ ಎಷ್ಟು ಸಾಲ ಇದೆ ಅಂತ ಅವರೇ ಓದುತ್ತಾರೆ. ಕೆಲವರ ಮನೆಯಲ್ಲಿ ಜಗಳ ಆಗಬಹುದು. ಆಗಲಿ.