ಬೆಣ್ಣಿಹಳ್ಳದ ನೆರೆ ಮ್ಯಾಪು, ಜಾಲಿ ಕಂಟಿ ಮತ್ತ ಗ್ವಾಡಿ ಮ್ಯಾಲಿನ ಗೆರಿ

ನವಲಗುಂದ, ನರಗುಂದ, ರೋಣದ ಕಡೆ ಎರಿ ಹೊಲ ನೋಡಿದೋರಿಗೆ ಗೊತ್ತು, ಕಣ್ಣಿಗೆ ಎಲ್ಲಾ ಒಂದೇ ಮಟ್ಟ. ಆದ್ರ ಮುಂದ ಮಲಪ್ರಭಾ ಹೊಳಿಗೆ ಕೂಡೋ ಬೆಣ್ಣಿಹಳ್ಳ ತುಂಬಿ ಬಂದಾಗ ಒಂದು ಹೊಲ ಮುಳುಗ್ತೈತಿ, ಬಾಜೂದ್ದು ಉಳಿತೈತಿ. ಆ ಒಂದೆರಡು ಮೀಟರ್ ಏರು ತಗ್ಗನ್ನ ಮ್ಯಾಪಿನ್ಯಾಗ ಹಿಡಿಯೋದು ಭಾಳ ಕಷ್ಟ.

ಎತ್ತರದ ಡೇಟಾ ಈಗ ಪುಕ್ಕಟೆ ಸಿಗ್ತೈತಿ. 2000ದಾಗ ಎಂಡೆವರ್ ಶಟಲ್ ರಾಡಾರ್ ಹೊತ್ಕೊಂಡು ಸುತ್ತಿ ತಂದ ಎಸ್‌ಆರ್‌ಟಿಎಂ ಅನ್ನೋ ಡೇಟಾ ಐತಿ, ಇಸ್ರೋದ ಕಾರ್ಟೊಡೆಮ್ ಅವ್ರದ ಭುವನ್ ವೆಬ್‌ಸೈಟಿನ್ಯಾಗ ಐತಿ, ಯುರೋಪಿನವ್ರ ಕೋಪರ್ನಿಕಸ್ ಐತಿ, ಮೂರೂ 30 ಮೀಟರ್ ಚೌಕಕ್ಕ ಒಂದು ಎತ್ತರ ಕೊಡೋವು, ಕ್ಯೂಜಿಐಎಸ್ ಅನ್ನೋ ಮ್ಯಾಪ್ ಸಾಫ್ಟ್‌ವೇರಿನ್ಯಾಗ ಹಾಕಿದ್ರ ತೆರಕೋತಾವು. ಆದ್ರ ಎಸ್‌ಆರ್‌ಟಿಎಂದಾಗ ಎತ್ತರ ಪೂರ್ತಿ ಮೀಟರ್‌ನ್ಯಾಗ ಅಷ್ಟ ಇರ್ತೈತಿ, 541 ಆದ್ಮ್ಯಾಲೆ 542, ನಡುವ ಏನೂ ಇಲ್ಲ. ಮಲೆನಾಡಿಗೆ ನಡಿತೈತಿ, ಸಪಾಟ ಎರಿ ಮಾತ್ರ ಮೆಟ್ಲು ಕಟ್ಟಿದಂಗ ಕಾಣ್ತೈತಿ. ಕೋಪರ್ನಿಕಸ್‌ನ್ಯಾಗ ದಶಾಂಶ ಐತಿ, ಅದಕ್ಕ ನಾ ಅದನ್ನ ಬಳಸ್ತೀನಿ.

ಅದರಾಗೂ ಒಂದು ತೊಡಕೈತಿ. ರಾಡಾರ್ ನೆಲ ಅಷ್ಟ ನೋಡಂಗಿಲ್ಲ, ಗಿಡದ ತಲಿನೂ ಮನಿ ಛಾವಣಿನೂ ಸೇರಿಸಿ ಅಳಿತೈತಿ. ಬೆಣ್ಣಿಹಳ್ಳದಾಗ ಹೂಳು ತುಂಬಿ ಜಾಲಿ ಕಂಟಿ ದಟ್ಟ ಬೆಳದಾವು, ಹಿಂಗಾಗಿ ಹಳ್ಳದ ಪಾತ್ರಾನ ದಿಬ್ಬದಂಗ ಕಾಣ್ತೈತಿ, ಕಂಪ್ಯೂಟರ್ ನೀರನ್ನ ಬ್ಯಾರೆ ದಾರಿಗೆ ಹರಿಸಿ ಬಿಡ್ತೈತಿ! ಗಿಡ ಮನಿ ತಗದು ಬ್ರಿಸ್ಟಲ್ ಯೂನಿವರ್ಸಿಟಿಯವ್ರು ಮಾಡಿದ ಫ್ಯಾಬ್‌ಡೆಮ್ ಅನ್ನೋ ಎತ್ತರದ ಡೇಟಾ ಇಲ್ಲಿ ಸ್ವಲ್ಪ ಕೈ ಹಿಡಿತೈತಿ. ಇದರ ಜೋಡಿ, ಸಮುದ್ರ ಮಟ್ಟದ ಎತ್ತರ ಬಿಟ್ಟು ಹತ್ರದ ಹಳ್ಳಕ್ಕಿಂತ ಹೊಲ ಎಷ್ಟು ಮ್ಯಾಲೈತಿ ಅಂತ ಲೆಕ್ಕ ಹಾಕಬೇಕು, ಇದಕ್ಕ ಹ್ಯಾಂಡ್ (Height Above Nearest Drainage) ಅಂತಾರ.

ಇಷ್ಟೆಲ್ಲಾ ಮಾಡಿದ್ರೂ ಬರೀ ಎತ್ತರ ಸಾಲಂಗಿಲ್ಲ. 2019ರ ಆಗಸ್ಟ್‌ನ್ಯಾಗ ಮಲಪ್ರಭಾ ತುಂಬಿ ಕೊಣ್ಣೂರು ಮುಳುಗಿತ್ತಲ್ಲ, ಹೊಳಿ ಹಂಗ ತುಂಬಿದಾಗ ಬೆಣ್ಣಿಹಳ್ಳದ ನೀರಿಗೆ ಮುಂದ ಹೋಗಾಕ ಜಾಗ ಇರಂಗಿಲ್ಲ, ಹಿಂದಕ್ಕ ಒತ್ತಿ ಹೊಲದಾಗ ನಿಂದರ್ತೈತಿ, ಎರಿ ಮಣ್ಣು ಬ್ಯಾರೆ, ಜಲ್ದಿ ಇಂಗಂಗಿಲ್ಲ. ಇದನ್ನ ತಾಳೆ ನೋಡಾಕ ಮೋಡದಾಗೂ ನೆಲ ಕಾಣೋ ಸೆಂಟಿನೆಲ್-1 ರಾಡಾರ್ ಸ್ಯಾಟಲೈಟಿನ ಚಿತ್ರ ಬೇಕು, ಅದಕ್ಕಿಂತ ಹೆಚ್ಚು ಊರಾಗಿನ ಹಿರಿಯರು ಬೇಕು. ಹನುಮಪ್ಪನ ಗುಡಿ ಕಟ್ಟಿ ಮಟಾ ಬಂದಿತ್ತು, ಸಾಲಿ ಕಿಟಕಿ ಮಟಾ ಬಂದಿತ್ತು ಅಂತ ಅವ್ರು ತೋರಿಸಿದ ನೀರಿನ ಗೆರಿ ಯಾವ ಸ್ಯಾಟಲೈಟಿಗೂ ಸಿಗಂಗಿಲ್ಲ.

ನಿಮ್ಮೂರಾಗ 2009ರದ್ದೋ 2019ರದ್ದೋ ನೆರೆ ನೀರಿನ ಗೆರಿ ಗ್ವಾಡಿ ಮ್ಯಾಲೆ ಇನ್ನೂ ಉಳದಿದ್ರ, ಸುಣ್ಣ ಹಚ್ಚೋದ್ರೊಳಗ ಟೇಪ್ ಹಿಡದು ನೆಲದಿಂದ ಅಳತಿ ತಗೋರಿ, ಫೋನಿನ್ಯಾಗ ಲೊಕೇಶನ್ ಹಾಕಿ ಫೋಟೋ ಇಟ್ಕೋರಿ.