ಗೋಡೆಯ ಕಥೆ ಪಕ್ಕದ ಮನೆಯ ಪತ್ರದಲ್ಲಿತ್ತು

ಹಳೇ ಮನೆಗಳನ್ನು ದುರಸ್ತಿ ಮಾಡಿ ಉಳಿಸುವ ತಂಡದಲ್ಲಿ ನನ್ನದು ಕಾಗದಪತ್ರದ ಕೆಲಸ. ಗಾರೆಯವರು, ಬಡಗಿಗಳು, ಎಂಜಿನಿಯರ್ ಮನೆಯನ್ನು ನೋಡುತ್ತಾರೆ. ಮನೆ ಯಾರಿಂದ ಯಾರ ಕೈಗೆ ಬಂತು ಅಂತ ನಾನು ಹುಡುಕುತ್ತೇನೆ. ಯಾವ ಗೋಡೆ ಯಾರ ಕಾಲದ್ದು ಅನ್ನೋದಕ್ಕೆ ಎಷ್ಟೋ ಸಲ ಉತ್ತರ ಅಲ್ಲೇ ಸಿಗುತ್ತದೆ.

ನಾವು ದುರಸ್ತಿಗೆ ತೆಗೆದುಕೊಂಡ ಒಂದು ಮನೆಯ ನಡುಮನೆಯಲ್ಲಿ ಒಂದು ಗೋಡೆ ಇತ್ತು. ನೋಡಿದರೆ ಕಣ್ಣಿಗೆ ಚುಚ್ಚುವಂಥದ್ದು. ಚಾವಣಿಯ ಕೆತ್ತನೆಯ ತೊಲೆಗಳನ್ನು ಸರಿಯಾಗಿ ಮಧ್ಯಕ್ಕೆ ತುಂಡು ಮಾಡಿದ ಹಾಗೆ ನಿಂತಿತ್ತು. ಅದರ ಇಟ್ಟಿಗೆಗಳು ಹಳೆಯ ಗೋಡೆಯೊಳಗೆ ಸೇರಿಕೊಂಡಿರಲಿಲ್ಲ, ಸುಮ್ನೆ ಒತ್ತಿಕೊಂಡು ನಿಂತಿದ್ದವು. ಮೇಲಿನ ತೊಲೆಗಳ ಮೊಳೆಗಳು ಕಮ್ಮಾರರು ಬಡಿದವು, ನಾಲ್ಕೂ ಕಡೆಯಿಂದ ತುದಿಗೆ ಸಣ್ಣಗಾಗುವಂಥವು. ಈ ಗೋಡೆಯ ಬಾಗಿಲ ಚೌಕಟ್ಟಿನಲ್ಲಿ ಇದ್ದದ್ದು ತಂತಿಯಿಂದ ಮಾಡಿದ ದುಂಡು ಮೊಳೆ. ಅಂಥ ಮೊಳೆ ಎಲ್ಲೆಡೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಒಂದು ಮೊಳೆ ನೋಡಿ ಕಾಲ ಹೇಳಬಾರದು ನಿಜ, ರಿಪೇರಿಗೆ ಬಂದವರು ಹೊಸದನ್ನು ಹೊಡೆದಿರಬಹುದು. ಆದರೆ ಇಲ್ಲಿ ಎಲ್ಲವೂ ಒಂದೇ ಮಾತು ಹೇಳುತ್ತಿದ್ದವು. ಗೋಡೆ ಆಮೇಲೆ ಬಂದದ್ದು. ನಕ್ಷೆಯಲ್ಲಿ ಅದರ ಪಕ್ಕ ‘ತೆಗೆಯಬಹುದು’ ಅಂತ ಬರೆದು ನಾನೂ ಸಹಿ ಹಾಕಿದೆ. ಪತ್ರಗಳ ಹುಡುಕಾಟ ಆಗ ಇನ್ನೂ ಅರ್ಧಕ್ಕೇ ನಿಂತಿತ್ತು.

ಹುಡುಕಾಟ ಯಾವಾಗಲೂ ಇವತ್ತಿನಿಂದ ಹಿಂದಕ್ಕೆ ಹೋಗುತ್ತದೆ. ಈಗಿನ ಮಾಲೀಕರ ಕ್ರಯಪತ್ರ ತೆಗೆದುಕೊಳ್ಳಿ. ಮಾರಿದವರು ಯಾರು? ಅವರು ಕೊಂಡದ್ದು ಯಾರಿಂದ? ಹೀಗೆ ಒಂದೊಂದೇ ಕೊಂಡಿ. ದೇಶಕ್ಕೊಂದು ಪದ್ಧತಿ ಇದೆ. 1858ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ ಶುರುವಾದ ಟಾರೆನ್ಸ್ ಪದ್ಧತಿ ಇರುವ ಕಡೆ, ಯಾರು ಮಾಲೀಕರು ಅಂತ ಸರ್ಕಾರದ ರಿಜಿಸ್ಟರೇ ಹೇಳುತ್ತದೆ. ಉಳಿದ ಕಡೆ ಪತ್ರಗಳನ್ನು ನಾವೇ ಪೋಣಿಸಬೇಕು. ಇಂಗ್ಲೆಂಡಿನಲ್ಲಿ 1925ರ ಆಸ್ತಿ ಕಾನೂನು ಬಂದ ಮೇಲೆ, ಹಕ್ಕು ತೋರಿಸಲು 30 ವರ್ಷ ಹಿಂದಿನ ಪತ್ರದಿಂದ ಶುರು ಮಾಡಿದರೆ ಸಾಕು ಅಂತಾಯಿತು. ಅದಕ್ಕಿಂತ ಹಳೆಯ ಪತ್ರಗಳನ್ನು ಎಷ್ಟೋ ಜನ ಎಸೆದುಬಿಟ್ಟರು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಒಂದೊಂದು ಕಟ್ಟಿನಲ್ಲೂ ಒಂದು ಮನೆಯ ಪೂರ್ತಿ ಬದುಕು ಇತ್ತಲ್ವಾ!

ನಮ್ಮ ಮನೆಗೆ ಮೂರು ಪತ್ರ ಸಿಕ್ಕವು. ಮೂರನೆಯದರಲ್ಲಿ ಮಾರಿದವರು ಹೀಗೆ ಬರೆಸಿದ್ದರು: ‘ನನಗೆ ಪಿತ್ರಾರ್ಜಿತವಾಗಿ ಬಂದು ನನ್ನ ಸ್ವಾಧೀನದಲ್ಲಿರುವ ಮನೆ.’ ಅಲ್ಲಿಗೆ ದಾರಿ ಮುಚ್ಚಿತು. ಅಪ್ಪನಿಂದ ಮಗನಿಗೆ ಸುಮ್ನೆ ಬಂದ ಆಸ್ತಿಗೆ ಕ್ರಯಪತ್ರ ಇರುವುದಿಲ್ಲ. ತೆರಿಗೆ ಪುಸ್ತಕದಲ್ಲಿ ಹೆಸರು ಬದಲಾದರೆ ಅದೇ ಹೆಚ್ಚು. ಮಾರಿದವರ ಅಪ್ಪನ ಹೆಸರಿನಲ್ಲಿ ನೋಂದಣಿ ಸೂಚಿಯನ್ನು, ಅಂದರೆ ನೋಂದಣಿಯಾದ ಪತ್ರಗಳ ಹೆಸರುಪಟ್ಟಿಯನ್ನು, ಎರಡು ವಾರ ತಿರುವಿದೆ. ಕೊಂಡವರ ಸೂಚಿ, ಮಾರಿದವರ ಸೂಚಿ, ಎರಡೂ. ಏನೂ ಸಿಗಲಿಲ್ಲ. ಪಿತ್ರಾರ್ಜಿತ ಅಂತ ಬರೆದಿದೆ, ಸಾಕು ಅಂತ ಫೈಲ್ ಮುಚ್ಚುವುದರಲ್ಲಿದ್ದೆ.

ನಮ್ಮಲ್ಲಿ ಈ ಕೆಲಸವನ್ನು ಬಹಳ ವರ್ಷ ಮಾಡಿದ ಹಿರಿಯರೊಬ್ಬರಿದ್ದಾರೆ. ಅವರು ಕೇಳಿದ್ದು ಒಂದೇ ಪ್ರಶ್ನೆ. “ಅಕ್ಕಪಕ್ಕದವರ ಚಕ್ಕುಬಂದಿ ಓದಿದ್ಯೇನಮ್ಮ?”

ಓದಿರಲಿಲ್ಲ. ಚಕ್ಕುಬಂದಿ ಅಂದರೆ ಆಸ್ತಿಯ ನಾಲ್ಕು ದಿಕ್ಕಿಗೆ ಯಾರ ಜಾಗ ಇದೆ ಅಂತ ಪತ್ರದಲ್ಲಿ ಬರೆಯುವ ವಿವರ. ನಮ್ಮ ಮನೆಯದನ್ನಷ್ಟೇ ನೋಡಿದ್ದೆ. ಆದರೆ ನಮ್ಮ ಮನೆ ಇನ್ನೊಬ್ಬರ ಪತ್ರದಲ್ಲಿ ಉತ್ತರದ ಎಲ್ಲೆ, ಮತ್ತೊಬ್ಬರ ಪತ್ರದಲ್ಲಿ ದಕ್ಷಿಣದ ಎಲ್ಲೆ. ನಮ್ಮ ಪತ್ರ ಕಳೆದುಹೋಗಿದ್ದರೂ ಅವರ ಪತ್ರದಲ್ಲಿ ಆ ಕಾಲದ ನಮ್ಮ ಮಾಲೀಕರ ಹೆಸರು ಇರಲೇಬೇಕು.

ದಕ್ಷಿಣದ ಮನೆಯವರ ಹಳೇ ಪತ್ರದಲ್ಲಿ ನಾನು ಹುಡುಕುತ್ತಿದ್ದ ಅಪ್ಪನ ಹೆಸರೇ ಇತ್ತು. ಉತ್ತರದ ಮನೆಯವರದು ಹೆಚ್ಚುಕಡಿಮೆ ಅದೇ ಕಾಲದ ಪತ್ರ. ಅದರಲ್ಲಿ ದಕ್ಷಿಣಕ್ಕೆ ಬೇರೆಯೇ ಹೆಸರು. ಆದರೆ ಇಬ್ಬರ ತಂದೆಯ ಹೆಸರೂ ಒಂದೇ. ಆ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಒಂದೇ ಮನೆ, ಅಣ್ಣ ತಮ್ಮ, ಇಬ್ಬರು ಮಾಲೀಕರು!

ಉತ್ತರದ ಮನೆಯವರ ಪತ್ರದಲ್ಲಿದ್ದದ್ದು ಅಣ್ಣನ ಹೆಸರು. ಅದನ್ನು ಹಿಡಿದು ಹುಡುಕಿದರೆ, ಅಣ್ಣ ತಮ್ಮ ಮನೆ ಹಂಚಿಕೊಂಡ ವಿಭಾಗಪತ್ರ ಒಂದೇ ದಿನದಲ್ಲಿ ಸಿಕ್ಕಿತು. ಸೂಚಿ ಬರೆದವರು ಅಣ್ಣನ ಹೆಸರನ್ನು ಮಾತ್ರ ಬರೆದು ತಮ್ಮನದನ್ನು ಬಿಟ್ಟಿದ್ದರು. ಪತ್ರದ ನಡುವೆ ಈ ಸಾಲು: ‘ನಡುಮನೆಯ ಮಧ್ಯದಲ್ಲಿ ಉಭಯತ್ರರ ಖರ್ಚಿನಿಂದ ಗೋಡೆ ಹಾಕಿಸತಕ್ಕದ್ದು. ಉತ್ತರ ಭಾಗದವರು ಉತ್ತರಕ್ಕೆ ಬೇರೆ ಬಾಗಿಲು ಇಟ್ಟುಕೊಳ್ಳತಕ್ಕದ್ದು.’

ತಕ್ಷಣ ಫೋನ್ ಮಾಡಿದೆ. ಗೋಡೆಯ ಒಂದು ತುದಿಯಲ್ಲಿ ಗಾರೆ ಕೆರೆದು ಆಗಿತ್ತು. ಇಟ್ಟಿಗೆಗೆ ಇನ್ನೂ ಕೈ ಹಾಕಿರಲಿಲ್ಲ. ನಿಲ್ಲಿಸಿ ಅಂದೆ.

ಮರುದಿನ ಹೋಗಿ ಉತ್ತರದ ಬಾಗಿಲು ಹುಡುಕಿದೆವು. ಆ ಕಡೆ ಬಾಗಿಲೇ ಇರಲಿಲ್ಲ. ಇದ್ದದ್ದು ಒಂದು ಕಿಟಕಿ. ಮೂಲದ್ದು ಅಂತ ನಮ್ಮ ನಕ್ಷೆಯಲ್ಲಿ ಗುರುತಾಗಿದ್ದ ಕಿಟಕಿ. ಅದರ ಕೆಳಗಿನ ಗಾರೆ ಬಿಡಿಸಿದಾಗ ನೆಲದ ಮಟ್ಟದಲ್ಲಿ ಒಂದು ಉದ್ದನೆಯ ಕಲ್ಲು ಕಂಡಿತು. ಹೊಸ್ತಿಲು. ಬಗ್ಗಿ ಕೈಯಿಟ್ಟು ನೋಡಿದೆ. ಎರಡೂ ಅಂಚು ಒರಟು, ಮಧ್ಯ ಮಾತ್ರ ತಗ್ಗಾಗಿ, ಅಂಗೈಯಷ್ಟು ನುಣುಪಾಗಿತ್ತು. ಅದು ಕಾಲು ಸವೆಸಿದ ನುಣುಪು. ಅಷ್ಟು ಸವೆಯಬೇಕಾದರೆ ಒಂದು ಇಡೀ ಸಂಸಾರ ವರ್ಷಗಟ್ಟಲೆ ಅಲ್ಲಿ ಓಡಾಡಿರಬೇಕು.

ಹಾಗಾದರೆ ಎರಡು ಭಾಗ ಮತ್ತೆ ಒಂದಾದದ್ದು ಹೇಗೆ? ಅಣ್ಣನಿಗೆ ಇದ್ದದ್ದು ಒಬ್ಬಳೇ ಮಗಳು. ಆಕೆ ತನ್ನ ಭಾಗವನ್ನು ಚಿಕ್ಕಪ್ಪನ ಮಗನಿಗೆ ಹಕ್ಕು ಬಿಡುಗಡೆ ಮಾಡಿಕೊಟ್ಟಿದ್ದರು. ಆ ಪತ್ರ ಸೂಚಿಯಲ್ಲಿ ಇದ್ದದ್ದು ಗಂಡನ ಮನೆಯ ಹೆಸರಿನಲ್ಲಿ, ಅದಕ್ಕೇ ಮೊದಲು ಕಣ್ಣಿಗೆ ಬಿದ್ದಿರಲಿಲ್ಲ. ನಮ್ಮ ಮೂರನೇ ಪತ್ರದಲ್ಲಿ ಮಾರಿದವರು ಈ ಚಿಕ್ಕಪ್ಪನ ಮಗನೇ. ಅಂದರೆ ಪೂರ್ತಿ ಮನೆ ಪಿತ್ರಾರ್ಜಿತ ಅಂತ ಆತ ಬರೆಸಿದ್ದು ಅರ್ಧ ಮಾತ್ರ ನಿಜ. ಕ್ರಯಪತ್ರದ ಆ ಹಿನ್ನೆಲೆ ಸಾಲುಗಳು ಮಾರುವವರು ಹೇಳಿ ಬರೆಸುವಂಥವು. ಈಗ ನಾನು ಅವನ್ನು ಸುಳಿವು ಅಂತ ಮಾತ್ರ ಓದುತ್ತೇನೆ, ಸಾಕ್ಷಿ ಅಂತ ಅಲ್ಲ. ಹೆಣ್ಣುಮಕ್ಕಳ ಹೆಸರನ್ನು ತವರಿನ ಕಡೆಯಿಂದಲೂ ಗಂಡನ ಕಡೆಯಿಂದಲೂ ಹುಡುಕುತ್ತೇನೆ. ಮೊದಲ ದಿನವೇ ಪಕ್ಕದ ಮನೆಗಳ ಪತ್ರ ಕೇಳುತ್ತೇನೆ. ಕೆಲವರು ಅನುಮಾನದಿಂದ ನೋಡುತ್ತಾರೆ, ಅದು ಸಹಜ. ಯಾಕೆ ಬೇಕು ಅಂತ ಕೂತು ವಿವರಿಸಿದರೆ ಹೆಚ್ಚಿನವರು ತೋರಿಸುತ್ತಾರೆ. ಹುಡುಕಾಟ ಮುಗಿಯುವ ತನಕ ‘ತೆಗೆಯಬಹುದು’ ಅಂತ ಎಲ್ಲೂ ಸಹಿ ಹಾಕುವುದಿಲ್ಲ.

ಗೋಡೆಯ ಬಗ್ಗೆ ತಂಡದಲ್ಲಿ ಜೋರು ಚರ್ಚೆ ಆಯಿತು. ತೆಗೆದರೆ ಚಾವಣಿಯ ಅಂದ ಪೂರ್ತಿ ಕಾಣುತ್ತದೆ ಅನ್ನೋ ಮಾತೂ ಸುಳ್ಳಲ್ಲ. ಕೊನೆಗೆ ಮಾಲೀಕರೇ ಉಳಿಸಿಕೊಳ್ಳುತ್ತೇವೆ ಅಂದರು. ಅದರಲ್ಲಿದ್ದ ಬಾಗಿಲನ್ನು ಮಾತ್ರ ಸ್ವಲ್ಪ ಅಗಲ ಮಾಡಿದೆವು. ಉತ್ತರದ ಕಿಟಕಿ ಈಗ ಮತ್ತೆ ಬಾಗಿಲಾಗಿದೆ. ಹೊಸ್ತಿಲಿಗೆ ಹೊಸ ಕಲ್ಲು ಹಾಕೋಣವೇ ಅಂತ ಮೇಸ್ತ್ರಿ ಕೇಳಿದರು. ಬೇಡ ಅಂದೆವು.